ಮನಃಶಾಸ್ತ್ರದ ಆನ್‌ಲೈನ್ ಡಾಕ್ಟರೇಟ್: ದುಡ್ಡು ಕಟ್ಟುವ ಮುನ್ನ

ಮೈಸೂರಿನ ರಾಜೀವನಗರದ ಪದವೀಧರರಲ್ಲಿ, ಅವರ ತಂದೆತಾಯಿಯರಲ್ಲಿ ಒಂದು ವಿನಂತಿ. ಮನೆಯಲ್ಲೇ ಕುಳಿತು ಮನಃಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆಯಿರಿ ಎಂಬ ಜಾಹೀರಾತು ಮೊಬೈಲಿಗೆ ಬಂದರೆ, ಶುಲ್ಕ ಎಷ್ಟೆಂದು ವಿಚಾರಿಸುವ ಮೊದಲು ಆ ಪದವಿಗೆ ಇಲ್ಲಿ ಬೆಲೆಯಿದೆಯೇ ಎಂದು ವಿಚಾರಿಸಿ. ದೂರಶಿಕ್ಷಣ ಮತ್ತು ಆನ್‌ಲೈನ್ ಶಿಕ್ಷಣಕ್ಕಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2020ರಲ್ಲಿ ಹೊರಡಿಸಿದ ನಿಯಮಾವಳಿ ಈ ಎರಡು ದಾರಿಗಳಲ್ಲೂ ಪಿಎಚ್.ಡಿ.ಗೆ ಅವಕಾಶ ಕೊಟ್ಟಿಲ್ಲ. ವಿದೇಶಿ ಸಂಸ್ಥೆಗಳ ಜೊತೆಗೂಡಿ ಎಡ್‌ಟೆಕ್ ಕಂಪನಿಗಳು ನಡೆಸುವ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆ ಇಲ್ಲವೆಂದು ಯುಜಿಸಿ, ತಾಂತ್ರಿಕ ಶಿಕ್ಷಣ ಪರಿಷತ್ತಾದ ಎಐಸಿಟಿಇ ಎರಡೂ 2022ರ ಅಕ್ಟೋಬರಿನಲ್ಲಿ ಎಚ್ಚರಿಸಿವೆ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಆರೋಗ್ಯಕ್ಕೆ ಸಂಬಂಧಿಸಿದ ಇತರ ಕೋರ್ಸುಗಳ ಜೊತೆಗೆ ಮನಃಶಾಸ್ತ್ರವನ್ನೂ ದೂರಶಿಕ್ಷಣ, ಆನ್‌ಲೈನ್ ವಿಧಾನಗಳಲ್ಲಿ ಕಲಿಸಕೂಡದು ಎಂದು ಆದೇಶವಾಗಿದೆ.

ಇದು ಬರೀ ಸರ್ಕಾರಿ ಕಟ್ಟುಪಾಡಲ್ಲ, ವಿಷಯದ ಸ್ವಭಾವವೇ ಅಂಥದ್ದು. ಸಿದ್ಧಾಂತ, ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ ಇವನ್ನೆಲ್ಲ ಪರದೆಯ ಮೇಲೆ ಚೆನ್ನಾಗಿಯೇ ಕಲಿಯಬಹುದು. ಆದರೆ ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಆಡುವ ಮಗುವೊಂದು ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ತಡವರಿಸಿದರೆ, ಅದು ಭಾಷೆಯ ತೊಡಕೋ, ಭಯವೋ, ಕಲಿಕೆಯ ನ್ಯೂನತೆಯೋ ಎಂದು ತಿಳಿಯಲು ಮಗುವಿನ ಎದುರು ಕೂತಿರಬೇಕು. ತಪ್ಪಿದಾಗ ತಿದ್ದಲು ಅನುಭವಿಯೊಬ್ಬರು ಪಕ್ಕದಲ್ಲಿರಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಯಾರು ಎಂದು ಹೇಳುವಾಗ, ಮೇಲ್ವಿಚಾರಣೆಯಲ್ಲಿ ಪಡೆದ ತರಬೇತಿಯೂ ಸೇರಿದ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಅನ್ನು ಹೆಸರಿಸಿದ್ದು ಇದಕ್ಕೇ. ಹಲವರು ಎಡವುವುದೂ ಇಲ್ಲೇ: ಹೆಸರಿನ ಹಿಂದೆ 'ಡಾ.' ಬಂದ ಮಾತ್ರಕ್ಕೆ ರೋಗಿಗಳನ್ನು ನೋಡುವ ಹಕ್ಕು ಬರುವುದಿಲ್ಲ.

ಅಮೆರಿಕದ ಪದವಿಯಾದರೆ ನಡೆಯುತ್ತದಲ್ಲ ಎನ್ನುವವರಿದ್ದಾರೆ. ಅಲ್ಲಿನ ಮನಃಶಾಸ್ತ್ರಜ್ಞರ ಸಂಘವಾದ ಎಪಿಎ ಕೂಡ ಪೂರ್ತಿ ಆನ್‌ಲೈನ್ ಡಾಕ್ಟರೇಟಿಗೆ ಮಾನ್ಯತೆ ಕೊಡುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಫೋನಿನಲ್ಲೇ ಸಾಂತ್ವನ ಸಿಗುತ್ತದೆ, ಓದು ಮಾತ್ರ ಯಾಕೆ ಆಗದು ಎಂಬ ಪ್ರಶ್ನೆಯೂ ಇದೆ. ಸೇವೆಯನ್ನು ಫೋನಿನಲ್ಲಿ ಕೊಡಬಹುದು. ಕೊಡುವವರು ಮಾತ್ರ ಮೊದಲು ತರಬೇತಿ ಪಡೆದಿರಬೇಕು. ಇವೆಲ್ಲಕ್ಕಿಂತ ತೂಕದ ಆಕ್ಷೇಪ ಬೇರೆಯದು: ಕೆಲಸ ಬಿಡಲಾಗದವರು, ಮನೆ-ಮಕ್ಕಳನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳು ಓದುವುದು ಹೇಗೆ? ಈ ಕಷ್ಟ ನಿಜ, ಆ ಜಾಹೀರಾತುಗಳು ಬದುಕಿರುವುದೂ ಇದೇ ಕಷ್ಟದ ಮೇಲೆ. ಆದರೆ ಇದಕ್ಕೆ ನಿಯಮದೊಳಗೇ ದಾರಿಯಿದೆ. ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿ ಅರೆಕಾಲಿಕ ಸಂಶೋಧನೆಯನ್ನು ಒಪ್ಪುತ್ತದೆ; ನೌಕರಿಯಲ್ಲಿರುವವರು ಮೇಲಧಿಕಾರಿಯ ನಿರಾಕ್ಷೇಪಣಾ ಪತ್ರ ತರಬೇಕಷ್ಟೆ. ಕನಿಷ್ಠ ಅವಧಿ ಮೂರು ವರ್ಷ, ಸಾಮಾನ್ಯ ಮಿತಿ ಆರು ವರ್ಷ. ಮಹಿಳೆಯರಿಗೆ ಹೆಚ್ಚುವರಿ ಎರಡು ವರ್ಷದ ರಿಯಾಯಿತಿಯೂ, 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಯೂ ಇದೆ. ಒಂದೂವರೆ ವರ್ಷದಲ್ಲಿ ಮುಗಿಸಿಕೊಡುತ್ತೇವೆ ಎನ್ನುವವರನ್ನು ನಂಬಬಾರದೆನ್ನಲು ಆ ಮೂರು ವರ್ಷದ ಲೆಕ್ಕವೊಂದೇ ಸಾಕು.

ನಮ್ಮ ಊರಿಗಂತೂ ಈ ವಿದ್ಯೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1920ರ ದಶಕದಲ್ಲೇ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದರು. ಇಂದು ಆ ವಿಭಾಗವೂ ವಾಕ್ ಶ್ರವಣ ಸಂಸ್ಥೆಯೂ ಮಾನಸಗಂಗೋತ್ರಿಯ ಆವರಣದಲ್ಲಿವೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಆದ್ದರಿಂದ ಓದುವ ಆಸೆಯಿರುವವರು ಹಣ ಕಟ್ಟುವ ಮುನ್ನ ಯುಜಿಸಿಯ ಜಾಲತಾಣವನ್ನೊಮ್ಮೆ ನೋಡಿ. ಮಾರ್ಗದರ್ಶಕರು ಯಾರು, ತರಬೇತಿ ಯಾವ ಆಸ್ಪತ್ರೆಯಲ್ಲಿ, ಪದವಿಯಿಂದ ಯಾವ ನೋಂದಣಿ ಸಿಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಿ. ಬಡಾವಣೆಯ ಶಾಲಾ ಕಾಲೇಜುಗಳ ಅಧ್ಯಾಪಕರು, ಮಸೀದಿ ಮತ್ತು ದೇವಸ್ಥಾನ ಸಮಿತಿಗಳವರು ಈ ಮಾಹಿತಿಯನ್ನು ತಮ್ಮ ಜನಕ್ಕೆ ಮುಟ್ಟಿಸಲಿ. ವಿಶ್ವವಿದ್ಯಾಲಯದವರು ದುಡಿಯುವವರಿಗೆ ಹೊಂದುವಂತೆ ಸಂಜೆ, ವಾರಾಂತ್ಯಗಳಲ್ಲೂ ಕೋರ್ಸ್‌ವರ್ಕ್ ನಡೆಸಲಿ ಎಂದು ನಾವೆಲ್ಲ ಒಟ್ಟಾಗಿ ಕೇಳೋಣ. ಅರ್ಹರಿಗೆ ಒಳ್ಳೆಯ ದಾರಿ ಸುಲಭವಾಗದ ಹೊರತು ಅಡ್ಡದಾರಿಯ ವ್ಯಾಪಾರ ನಿಲ್ಲುವುದಿಲ್ಲ.