ಹಳೆಯ ಪದಗಳು ನಮ್ಮ ಮನೆಯಲ್ಲೇ ಇವೆ

ಹಳಗನ್ನಡ ಪದ್ಯದ ಪಾಠ ಬಂದರೆ ನಾವು ಪೆನ್ನು ತೆಗೆಯುವುದು ಒಂದೇ ಕೆಲಸಕ್ಕೆ: ಪದದ ಮೇಲೆ ಅರ್ಥ ಬರೆದುಕೊಳ್ಳಲು. ಪರೀಕ್ಷೆ ಮುಗಿದರೆ ಪದವೂ ಮರೆಯುತ್ತದೆ, ಅರ್ಥವೂ ಮರೆಯುತ್ತದೆ. "ಯಾರೂ ಆಡದ ಪದ ಕಲಿತು ಏನು ಪ್ರಯೋಜನ?" ಎಂದು ಗೆಳೆಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಪದಗಳನ್ನು ಯಾರೂ ಆಡುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಹಳಗನ್ನಡದಲ್ಲಿ 'ತಿಂಗಳ್' ಎಂದರೆ ಚಂದ್ರ. ಆ ಅರ್ಥ ಮರೆಯಾಗಿದೆ, ಕ್ಯಾಲೆಂಡರಿನ ತಿಂಗಳು ಉಳಿದಿದೆ. ಎರಡಕ್ಕೂ ಏನು ಸಂಬಂಧ ಎಂದು ರಂಜಾನಿನ ಚಾಂದ್ ನೋಡಲು ಮಹಡಿ ಹತ್ತುವ ನಮಗೆ ಬೇರೆ ಹೇಳಬೇಕೆ? ಫಾರಸಿಯ 'ಮಾಹ್' ಪದಕ್ಕೂ ಚಂದ್ರ, ತಿಂಗಳು ಎರಡೂ ಅರ್ಥವಿದೆ. 'ನೆಯ್' ಎಂಬ ಪದ ಈಗ ಒಂಟಿಯಾಗಿ ಕೇಳಿಸದು. ಆದರೆ ಅಡುಗೆಮನೆಯ ಎಣ್ಣೆಯಲ್ಲೂ ಬೆಣ್ಣೆಯಲ್ಲೂ ಅದು ಸೇರಿಕೊಂಡಿದೆ. 'ಕೂೞ್' ಎಂದರೆ ಹಿಂದೆ ಊಟ, ಅನ್ನ. ಇಂದು 'ಕೂಳು' ಎಂದರೆ ಬೈಗುಳದಂತೆ ಕೇಳುತ್ತದೆ. ಅದರ 'ೞ' ಅಕ್ಷರವೇ ಬಳಕೆ ತಪ್ಪಿತು. 13ನೇ ಶತಮಾನದಲ್ಲಿ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಈ ಅಕ್ಷರವಿರುವ ಪದಗಳನ್ನು ಪಟ್ಟಿ ಮಾಡಿಟ್ಟಿದ್ದರಿಂದ ನಮಗೆ ಅವು ತಿಳಿದಿವೆ.

ನಮ್ಮಲ್ಲಿ ಅನೇಕರ ಮನೆಮಾತು ದಖನಿ. 'ನಕ್ಕೋ', 'ಹೌ' ಎಂದರೆ "ಇದು ಸರಿಯಾದ ಉರ್ದು ಅಲ್ಲ" ಎಂದು ನಗುವವರಿದ್ದಾರೆ. ಮರಾಠಿಯ 'ನಕೋ'ದಿಂದ ಬಂದ ಈ ಪದ ಹಳೆಯ ದಖನಿ ಕಾವ್ಯದಲ್ಲೂ ಇದೆ. ಆ ಕಾವ್ಯ ಬೆಳೆದದ್ದು ದೂರದ ದೆಹಲಿಯಲ್ಲಲ್ಲ, ಗೋಲ್ಕೊಂಡದಲ್ಲಿ ಮತ್ತು ನಮ್ಮದೇ ವಿಜಯಪುರದಲ್ಲಿ. 2ನೇ ಇಬ್ರಾಹಿಂ ಆದಿಲ್ ಶಾಹನ 'ಕಿತಾಬೆ ನೌರಸ್', ನುಸ್ರತಿಯ 'ಗುಲ್ಶನೆ ಇಶ್ಕ್' ಅಲ್ಲಿ ಹುಟ್ಟಿದವು. 'ಹೊರತು' ಎಂಬ ಅರ್ಥದ 'ಬಾಜ್'ನಂಥ ಪದಗಳು ಆ ಕಾವ್ಯದಲ್ಲೇ ಉಳಿದವು. 'ನಕ್ಕೋ' ನಮ್ಮ ನಾನಿ, ದಾದಿಯರ ಬಾಯಲ್ಲಿ ಇಂದಿಗೂ ಬದುಕಿದೆ. ಹೀಗಿರುವಾಗ ನಾವು ನಾಚಿಕೊಳ್ಳುವುದೇಕೆ?

ಕನ್ನಡದ ಅತಿ ಹಳೆಯ ಪದ್ಯಗಳಲ್ಲಿ ಕೆಲವು ನಮ್ಮ ಜಿಲ್ಲೆಯಲ್ಲೇ ಇವೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸುಮಾರು 7ನೇ ಶತಮಾನದಿಂದಲೂ ಅವನ್ನು ಕೆತ್ತಿದ್ದಾರೆ. ಬೆಟ್ಟ ಹತ್ತಿ ಫೋಟೋ ತೆಗೆದುಕೊಂಡು ಇಳಿಯುವ ನಾವು ಆ ಅಕ್ಷರಗಳ ಮುಂದೆ ನಿಲ್ಲುವುದೇ ಇಲ್ಲ.

ಪರೀಕ್ಷೆಗೆ ಓದುವುದೇ ಸಾಕಷ್ಟಿದೆ, ಇದಕ್ಕೆ ಸಮಯವೆಲ್ಲಿ ಎನ್ನಬಹುದು. ನನ್ನ ಸಲಹೆ ಚಿಕ್ಕದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ವಿದ್ಯಾರ್ಥಿಗಳು ವಾರಕ್ಕೆ ಒಂದು ಪದವನ್ನು ಮನೆಯ ಹಿರಿಯರಿಂದ ಕೇಳಿ ತರಲಿ. ಹೊಲದ ಪದವಾಗಲಿ, ಅಡುಗೆಯ ಪದವಾಗಲಿ, ಕನ್ನಡವಾಗಲಿ, ದಖನಿಯಾಗಲಿ. ಕನ್ನಡ ಮತ್ತು ಉರ್ದು ಉಪನ್ಯಾಸಕರು ಅದನ್ನು ನಿಘಂಟಿನಲ್ಲಿ ನೋಡಿ ಅರ್ಥ ಹೇಳಲಿ. ಪದ ನಿಘಂಟಿನಲ್ಲಿ ಸಿಕ್ಕರೆ ಸಂತೋಷ. ಸಿಗದಿದ್ದರೆ ಅದನ್ನು ಬರೆದಿಡುವುದು ಇನ್ನೂ ಮುಖ್ಯ. ಏಕೆಂದರೆ ಅದನ್ನು ಬಲ್ಲ ಅಜ್ಜಿ ಮುಂದಿನ ವರ್ಷವೂ ನಮಗೆ ಹೇಳಲು ಇರುತ್ತಾರೆಂದು ಯಾರೂ ಭರವಸೆ ಕೊಡಲಾರರು.