ಗಿಡುಗಕ್ಕೆ ಕಲ್ಲು ಎತ್ತುವ ಮೊದಲು ನಿಮ್ಮ ಗೂಡು ನೋಡಿ

ಅಕ್ಟೋಬರ್ ಬಂತು ಅಂದ್ರೆ ಹೋಮರ್ ಪಾರಿವಾಳ ಸಾಕುವವರಿಗೆ ಎರಡು ಕೆಲಸ ಒಟ್ಟಿಗೆ ಶುರುವಾಗುತ್ತೆ. ಒಂದು, ಮುಂದಿನ ರೇಸ್‌ಗಳಿಗೆ ಹಕ್ಕಿಗಳನ್ನು ತಯಾರು ಮಾಡೋದು. ಇನ್ನೊಂದು, ಆಕಾಶ ನೋಡಿ ಬೈಯೋದು. ಯಾಕಂದ್ರೆ ಉತ್ತರದ ಚಳಿ ದೇಶಗಳಿಂದ ವಲಸೆ ಬರುವ ಬೇಟೆ ಹಕ್ಕಿಗಳೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ ನಮ್ಮ ಕಡೆ ಇಳಿಯುತ್ತವೆ. ಮಾರ್ಚ್, ಏಪ್ರಿಲ್‌ವರೆಗೂ ಇಲ್ಲೇ ಇರುತ್ತವೆ. ನಾವು ಹಕ್ಕಿ ಹಾರಿಸುವ ಕಾಲವೂ ಅದೇ, ಅವು ಬೇಟೆಯಾಡುವ ಕಾಲವೂ ಅದೇ.

ಬೆಂಗಳೂರು, ಚೆನ್ನೈಗಳಲ್ಲಿ ಹೋಮರ್ ರೇಸ್ ಹುಚ್ಚು ಹಳೆಯದು. ಈಗ ಊರಿನ ತೋಟದ ಮನೆಗಳಲ್ಲೂ, ಕೋಳಿ ಕುರಿ ಜೊತೆಗೆ ಹತ್ತಿಪ್ಪತ್ತು ಹೋಮರ್ ಇಟ್ಟುಕೊಂಡ ಹುಡುಗರು ಸಿಗುತ್ತಾರೆ. ಒಳ್ಳೆ ತಳಿಯ ಜೋಡಿಗೆ ಸಾವಿರಗಟ್ಟಲೆ ದುಡ್ಡು. ಅಂಥ ಜೋಡಿಯ ಮರಿಯನ್ನು ಗಿಡುಗ ಎತ್ತಿಕೊಂಡು ಹೋದರೆ ಹೊಟ್ಟೆ ಉರಿಯದೆ ಇರುತ್ತಾ? ಉರಿಯುತ್ತೆ. ಆ ಉರಿಯಲ್ಲಿ ಕೆಲವರು ಕವಣೆ ಹಿಡಿಯುತ್ತಾರೆ, ಕೆಲವರು ಬಲೆ ಕಟ್ಟುತ್ತಾರೆ, ಇನ್ನೂ ಕೆಲವರು ವಿಷದ ಮಾತು ಆಡುತ್ತಾರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಗಿಡುಗ ಕೊಲ್ಲೋದು ಕಾನೂನಿಗೆ ವಿರುದ್ಧ ಅನ್ನೋದು ಒಂದು ಕಡೆ ಇರಲಿ, ಅದರಿಂದ ಪಾರಿವಾಳ ಉಳಿಯೋದೂ ಇಲ್ಲ. ಒಂದು ಹಕ್ಕಿ ಸತ್ತರೆ ಆ ಜಾಗಕ್ಕೆ ಇನ್ನೊಂದು ಬಂದು ಕೂರುತ್ತೆ. ಪಾರಿವಾಳ ಉಳಿಯೋದು ಗೂಡಿನಲ್ಲಿ, ಹಾರಿಸುವ ಹೊತ್ತಿನಲ್ಲಿ, ಸಾಕುವವನ ಶಿಸ್ತಿನಲ್ಲಿ.

ಮೊದಲು ಯಾವ ಹಕ್ಕಿ ಅಂತ ತಿಳಿಯಿರಿ

ನಮ್ಮಲ್ಲಿ ಎಲ್ಲವನ್ನೂ ಹದ್ದು ಅಂತಲೋ ಗಿಡುಗ ಅಂತಲೋ ಕರೆದು ಸುಮ್ಮನಾಗುತ್ತೇವೆ. ಆದರೆ ಒಂದೊಂದರ ಬೇಟೆ ಒಂದೊಂದು ಥರ. ಹಾಗಾಗಿ ರಕ್ಷಣೆಯೂ ಬೇರೆ ಬೇರೆ.

ಶಿಕ್ರಾ, ಕೆಲವರು ಬಿಜ್ಜು ಅಂತಾರೆ, ಪಾರಿವಾಳದಷ್ಟೇ ಗಾತ್ರದ ಹಕ್ಕಿ. ವರ್ಷವಿಡೀ ನಮ್ಮ ತೋಪು, ತೆಂಗಿನ ತೋಟಗಳಲ್ಲೇ ಇರುತ್ತೆ. ಎಲೆ ಮರೆಯಲ್ಲಿ ಸುಮ್ಮನೆ ಕೂತು, ತಗ್ಗಿನಲ್ಲಿ ಹಾರಿ ಬಂದು ಏಕಾಏಕಿ ಎರಗುತ್ತೆ. ಓತಿಕ್ಯಾತ, ಇಲಿ, ಅಳಿಲು, ಸಣ್ಣ ಹಕ್ಕಿಗಳು ಅದರ ಸಾಮಾನ್ಯ ಊಟ. ಗೂಡಿನ ಸೂರಿನ ಮೇಲೆ ಪೆದ್ದಾಗಿ ಕೂತ ಮರಿ ಪಾರಿವಾಳ ಸಿಕ್ಕರೆ ಬಿಡೋದಿಲ್ಲ.

ಪೆರಿಗ್ರಿನ್ ಫಾಲ್ಕನ್, ಅಂದರೆ ಬೈರಿ, ಬೇರೆಯೇ ಲೆಕ್ಕ. ಅದರದ್ದು ಬಯಲು ಆಕಾಶದ ಬೇಟೆ. ಮೇಲಿನಿಂದ ರೆಕ್ಕೆ ಮಡಚಿ ಬೀಳುವಾಗ ಅದರ ವೇಗ ಗಂಟೆಗೆ 300 ಕಿಲೋಮೀಟರ್ ದಾಟುತ್ತೆ. ಚಳಿಗಾಲದಲ್ಲಿ ವಲಸೆ ಬರುವ ಬೈರಿಗಳಿವೆ, ಕಲ್ಲುಬೆಟ್ಟಗಳ ಕೊರಕಲಿನಲ್ಲಿ ಇಲ್ಲೇ ಗೂಡು ಮಾಡುವ ಶಾಹೀನ್ ಅನ್ನೋ ನಮ್ಮದೇ ಬೈರಿಯೂ ಇದೆ. ಹಾರುವ ಪಾರಿವಾಳ ಇದರ ಮೆಚ್ಚಿನ ಊಟ.

ಇನ್ನು ಊರ ಮೇಲೆ ಸುತ್ತುವ ಕಂದು ಬಣ್ಣದ ಹದ್ದು. ಇದಕ್ಕೆ ಸತ್ತದ್ದು, ಕಸ, ಮೀನಿನ ತ್ಯಾಜ್ಯ ಸಾಕು. ಕೋಳಿ ಮರಿ, ಕಾಯಿಲೆ ಬಿದ್ದ ಹಕ್ಕಿ ಸಿಕ್ಕರೆ ಎತ್ತುತ್ತೆ. ಗಟ್ಟಿಮುಟ್ಟಾದ ಹೋಮರ್ ಹಾರುತ್ತಿರುವಾಗ ಹಿಡಿಯೋದು ಇದರ ಕೈಲಿ ಆಗೋ ಕೆಲಸ ಅಲ್ಲ. ಆದರೂ ಹೆಚ್ಚು ಕಲ್ಲು ತಿನ್ನೋದು ಇದೇ ಪಾಪದ ಹದ್ದು, ಕಣ್ಣಿಗೆ ಕಾಣುತ್ತಲ್ಲ!

ಕಳ್ಳ ನಿಜಕ್ಕೂ ಗಿಡುಗವೇ?

ಹಕ್ಕಿ ಕಾಣೆಯಾದ ಕೂಡಲೇ ಗಿಡುಗ ಅನ್ನೋದು ಅಭ್ಯಾಸ ಆಗಿಬಿಟ್ಟಿದೆ. ಸ್ವಲ್ಪ ನೆಲ ನೋಡಿ. ಬೇಟೆ ಹಕ್ಕಿ ಗರಿಯನ್ನು ಬುಡಸಮೇತ ಕಿತ್ತು ಒಂದೇ ಕಡೆ ಹರಡಿರುತ್ತೆ. ಬೆಕ್ಕು, ಮುಂಗುಸಿ ಹಿಡಿದಿದ್ದರೆ ಗರಿಯ ದಂಟು ಕಚ್ಚಿ ತುಂಡಾಗಿರುತ್ತೆ. ರಾತ್ರಿ ಗೂಡಿನೊಳಗೇ ಮೊಟ್ಟೆ, ಮರಿ ಮಾಯವಾದರೆ ಹೆಗ್ಗಣ ಅಥವಾ ಹಾವಿನ ಕಡೆ ಅನುಮಾನ ಇರಲಿ. ಶಿಕ್ರಾ, ಬೈರಿ ರಾತ್ರಿ ಗೂಡಿಗೆ ನುಗ್ಗೋದಿಲ್ಲ.

ಹಾರಲು ಬಿಟ್ಟ ಹಕ್ಕಿ ವಾಪಸ್ ಬರಲಿಲ್ಲ ಅಂದರೆ ಕಾರಣಗಳು ಇನ್ನೂ ಹೆಚ್ಚು. ದಾರಿ ತಪ್ಪೋದು, ಸುಸ್ತಾಗಿ ಬೇರೆ ಊರಲ್ಲಿ ಇಳಿಯೋದು, ವಿದ್ಯುತ್ ತಂತಿಗೆ ಬಡಿಯೋದು, ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಳ್ಳೋದು, ಕೆಟ್ಟ ಹವೆ. ಪಾರಿವಾಳ ರೇಸ್ ದೊಡ್ಡ ಕ್ರೀಡೆಯಾಗಿರುವ ಬ್ರಿಟನ್ನಿನಲ್ಲಿ ಇದನ್ನು ಅಧ್ಯಯನ ಮಾಡಿದವರೂ ಹೇಳಿದ್ದು ಇದನ್ನೇ: ಕಳೆದುಹೋಗುವ ಹಕ್ಕಿಗಳಲ್ಲಿ ಬೇಟೆ ಹಕ್ಕಿಯ ಪಾಲು ಸಣ್ಣದು, ದಾರಿ ತಪ್ಪುವ ಮತ್ತು ಡಿಕ್ಕಿ ಹೊಡೆಯುವ ಹಕ್ಕಿಗಳೇ ಜಾಸ್ತಿ.

ನಿಮ್ಮ ಫೋನಿನಲ್ಲೇ ಒಂದು ಲೆಕ್ಕ ಇಡಿ. ಬಿಟ್ಟ ಹೊತ್ತು, ಬಿಟ್ಟ ಜಾಗ, ಗಾಳಿ, ಮೋಡ, ಬಾರದ ಹಕ್ಕಿಯ ಉಂಗುರದ ನಂಬರು, ಅದರ ವಯಸ್ಸು. ಗರಿ ಸಿಕ್ಕರೆ ಒಂದು ಫೋಟೋ. ಒಂದು ಸೀಸನ್ ಮುಗಿಯುವ ಹೊತ್ತಿಗೆ ನಷ್ಟ ಎಲ್ಲಿ ಆಗ್ತಿದೆ ಅಂತ ನಿಮಗೇ ಗೊತ್ತಾಗುತ್ತೆ.

ಬ್ರಿಟನ್ನಿನ ಪಾಠ, ರೈತರಿಗೂ ಸೇರಿದ್ದು

ಎರಡನೇ ಮಹಾಯುದ್ಧದಲ್ಲಿ ಸುದ್ದಿ ಒಯ್ಯುವ ಪಾರಿವಾಳಗಳನ್ನು ಕಾಪಾಡಲು ಬ್ರಿಟನ್ ಸರ್ಕಾರ 1940ರಲ್ಲಿ ಆದೇಶ ಹೊರಡಿಸಿ, ಕರಾವಳಿಯಲ್ಲಿ ನೂರಾರು ಬೈರಿಗಳನ್ನು ಕೊಲ್ಲಿಸಿತು. ಯುದ್ಧ ಮುಗಿದ ಮೇಲೆ, 1954ರ ಕಾನೂನಿನಲ್ಲಿ ಅವಕ್ಕೆ ರಕ್ಷಣೆ ಸಿಕ್ಕಿತು. 1960ರ ಹೊತ್ತಿಗೆ ರೇಸ್ ಪಾರಿವಾಳದವರು ಬೈರಿಗಳು ಹೆಚ್ಚಾಗಿವೆ, ರಕ್ಷಣೆ ತೆಗೆಯಿರಿ ಅಂತ ಸರ್ಕಾರದ ಬಾಗಿಲು ತಟ್ಟಿದರು.

ಸರಿ, ಎಣಿಸೋಣ ಅಂತ ಸಮೀಕ್ಷೆ ನಡೆಯಿತು. ಡೆರೆಕ್ ರಾಟ್‌ಕ್ಲಿಫ್ ಅನ್ನೋ ವಿಜ್ಞಾನಿ ಅದರ ಮುಂದಾಳು. ಎಣಿಸಿದರೆ ಉಲ್ಟಾ ಆಗಿತ್ತು. ಬೈರಿಗಳು ಹೆಚ್ಚಾಗಿರಲಿಲ್ಲ, ಕುಸಿದು ಬಿದ್ದಿದ್ದವು. 1963ರ ಹೊತ್ತಿಗೆ ಯುದ್ಧಕ್ಕೆ ಮುಂಚಿನ ಸಂಖ್ಯೆಯ ಅರ್ಧವೂ ಉಳಿದಿರಲಿಲ್ಲ.

ಕಾರಣ ಹೊಲದಲ್ಲಿತ್ತು. ಬಿತ್ತನೆ ಬೀಜಕ್ಕೆ ಲೇಪಿಸಿದ ಡೀಲ್ಡ್ರಿನ್‌ನಂಥ ವಿಷವನ್ನು ಪಾರಿವಾಳ ತಿಂದವು. ಆ ಪಾರಿವಾಳವನ್ನು ಬೈರಿ ತಿಂದವು. ಇನ್ನೊಂದು ಕಡೆ ಡಿಡಿಟಿಯಿಂದ ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುತ್ತಿದ್ದವು. ಚಿಪ್ಪು ತೆಳುವಾದ ವಿಷಯವನ್ನು ರಾಟ್‌ಕ್ಲಿಫ್ 1967ರಲ್ಲಿ ಪ್ರಕಟಿಸಿದರು.

ಇದರಲ್ಲಿ ನಮಗೇನು? ವಿಷ ಮೊದಲು ಸೇರಿದ್ದು ಬೈರಿಯ ಹೊಟ್ಟೆಗಲ್ಲ, ಪಾರಿವಾಳದ ಹೊಟ್ಟೆಗೆ. ಇವತ್ತೂ ಅಷ್ಟೇ. ಔಷಧಿ ಲೇಪಿಸಿದ ಬೀಜ ಬದುವಿನ ಮೇಲೆ ಚೆಲ್ಲಿದ್ದರೆ ನಿಮ್ಮ ಹೋಮರ್ ಅದನ್ನೇ ಆರಿಸಿ ತಿನ್ನುತ್ತೆ. ಬಿತ್ತನೆ ದಿನ ಹಕ್ಕಿಗಳನ್ನು ಗೂಡಲ್ಲೇ ಇಡಿ. ಚೆಲ್ಲಿದ ಬೀಜ ಗುಡಿಸಿ ಮಣ್ಣಲ್ಲಿ ಮುಚ್ಚಿ. ಹೊಟ್ಟೆ ತುಂಬಿಸಿಯೇ ಹೊರಗೆ ಬಿಟ್ಟರೆ ಹೊಲಕ್ಕೆ ಇಳಿಯೋದಿಲ್ಲ ಅಂತ ನಂಬಬೇಡಿ, ಇಳಿಯುತ್ತವೆ.

ಗಿಡುಗಕ್ಕೆ ವಿಷ ಇಡೋಣ ಅನ್ನುವವರಿಗೂ ಇದೇ ಉತ್ತರ. ವಿಷ ಇಟ್ಟವನ ಮಾತು ಕೇಳಿ ಅದು ಗಿಡುಗವನ್ನು ಮಾತ್ರ ಹುಡುಕಿಕೊಂಡು ಹೋಗಲ್ಲ. ಕಾಗೆ, ನಾಯಿ, ಬೆಕ್ಕು, ಕೊನೆಗೆ ಮನೆ ಮಕ್ಕಳ ಕೈಗೂ ತಾಗಬಹುದು.

ಕಾನೂನೂ ಗೊತ್ತಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲೋದಷ್ಟೇ ಅಲ್ಲ, ಬಲೆ ಹಾಕೋದು, ವಿಷ ಇಡೋದು, ಗೂಡು ಮೊಟ್ಟೆ ನಾಶ ಮಾಡೋದೂ ಬೇಟೆಯೇ. ಬೈರಿಯಂಥ ಹಕ್ಕಿಗಳು ಮೊದಲ ಶೆಡ್ಯೂಲಿನಲ್ಲಿವೆ. ಅಂಥ ಕೇಸಿನಲ್ಲಿ ತಪ್ಪು ಸಾಬೀತಾದರೆ 3ರಿಂದ 7 ವರ್ಷ ಜೈಲು, ಮೇಲೆ ದಂಡ. ಕೊಂದು ಸ್ಟೇಟಸ್ ಹಾಕಿಕೊಳ್ಳುವ ಹುಡುಗರು ತಮ್ಮ ವಿರುದ್ಧ ತಾವೇ ಸಾಕ್ಷಿ ಕೊಟ್ಟ ಹಾಗೆ.

ಹಾಗಾದ್ರೆ ಮಾಡೋದೇನು?

ಗೂಡಿನ ಮುಂದೆ ಜಾಲರಿ ಕೋಣೆ ಇರಲಿ. ಹಕ್ಕಿಗಳು ಬಿಸಿಲು ಕಾಯಲು, ಸುತ್ತಲಿನ ಜಾಗ ಗುರುತು ಹಿಡಿಯಲು ಹೊರಗೇ ಬರಬೇಕಿಲ್ಲ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿದರೆ ದೊಡ್ಡ ಹಾವು, ಹೆಗ್ಗಣಕ್ಕೂ ತಡೆ. ಮೇಲ್ಭಾಗ ಮುಚ್ಚೋದು ಮರೀಬೇಡಿ. ಹಕ್ಕಿ ಕೂರುವ ಕೋಲು ಜಾಲರಿಗೆ ಅಂಟಿಕೊಂಡಿರಬಾರದು, ಹೊರಗಿಂದ ಉಗುರು ಹಾಕಿ ಎಳೆಯುವಷ್ಟು ಹತ್ತಿರ ಇದ್ದರೆ ಜಾಲರಿ ಇದ್ದೂ ಪ್ರಯೋಜನ ಇಲ್ಲ.

ಸೂರಿನ ಮೇಲೆ ಕಾಲ ಕಳೆಯಲು ಬಿಡಬೇಡಿ. ಶಿಕ್ರಾಗೆ ಬೇಕಾಗಿರೋದು ಇದೇ. ಸ್ವಲ್ಪ ಹಸಿದ ಹಕ್ಕಿಗಳನ್ನು ಹಾರಿಸಿ, ಇಳಿದ ಕೂಡಲೇ ಕಾಳಿನ ಡಬ್ಬ ಅಲ್ಲಾಡಿಸಿ ಒಳಗೆ ಕರೆಯೋದು ಮರಿಯಿಂದಲೇ ಕಲಿಸಿ. ಇಳಿದ ಹಕ್ಕಿ ಎರಡು ನಿಮಿಷದಲ್ಲಿ ಒಳಗಿರಬೇಕು. ರೇಸ್ ಗೆಲ್ಲೋಕೂ ಇದೇ ಅಭ್ಯಾಸ ಬೇಕು.

ಹೊತ್ತು ಬದಲಿಸಿ. ನೀವು ದಿನಾ ಆರೂವರೆಗೇ ಬಿಟ್ಟರೆ ಗಿಡುಗವೂ ಆರೂವರೆಗೇ ಬಂದು ಕೂರುತ್ತೆ. ಬೇಟೆ ಹಕ್ಕಿಗಳು ನಸುಕು ಮತ್ತು ಸಂಜೆ ಚುರುಕು. ಚಳಿಗಾಲದಲ್ಲಿ ಬಿಸಿಲೇರಿದ ಮೇಲೆ ಬಿಡೋದು ಒಳ್ಳೇದು. ಒಮ್ಮೆ ದಾಳಿ ಆದರೆ ನಾಲ್ಕೈದು ದಿನ ಹಕ್ಕಿ ಹೊರಗೆ ಬಿಡಲೇಬೇಡಿ. ಊಟ ಸಿಗದ ಜಾಗಕ್ಕೆ ಗಿಡುಗ ಸುಮ್ಮಸುಮ್ಮನೆ ಬರ್ತಾ ಇರೋದಿಲ್ಲ.

ಕುಂಟು ಹಕ್ಕಿಯನ್ನು ಆಕಾಶಕ್ಕೆ ಬಿಡಬೇಡಿ. ಗರಿ ಉದುರಿಸುತ್ತಿರುವ, ಕಾಯಿಲೆಯಿಂದ ಎದ್ದ, ಒದ್ದೆಯಾದ ಹಕ್ಕಿ ಹಿಂಡಿನಲ್ಲಿ ಹಿಂದೆ ಬೀಳುತ್ತೆ. ಬೈರಿ ಹುಡುಕೋದು ಅದನ್ನೇ.

ದೂರ ಒಯ್ದು ಬಿಡುವಾಗ ಹಿಂಡಾಗಿ ಬಿಡಿ. ಮೊದಮೊದಲು ಮರಿಗಳ ಜೊತೆ ಪಳಗಿದ ಹಕ್ಕಿಗಳಿರಲಿ. ತೋಪು, ಕಲ್ಲುಬೆಟ್ಟದ ಬುಡ ಬೇಡ, ನಾಲ್ಕೂ ಕಡೆ ಕಾಣುವ ಬಯಲು ಆರಿಸಿ. ಬುಟ್ಟಿ ತೆಗೆಯುವ ಮೊದಲು ಹತ್ತು ನಿಮಿಷ ಆಕಾಶ, ಟವರ್ ತುದಿ, ವಿದ್ಯುತ್ ಕಂಬಗಳನ್ನು ನೋಡಿ. ಬೇಟೆ ಹಕ್ಕಿ ಕಂಡರೆ ಕಾಯಿರಿ, ಇಲ್ಲವೇ ಜಾಗ ಬದಲಿಸಿ.

ಕಾಗೆ, ಕಾಜಾಣದ ಮಾತು ಕೇಳಿ. ಶಿಕ್ರಾ ಬಂದ ಸುದ್ದಿ ನಿಮಗಿಂತ ಮುಂಚೆ ಅವಕ್ಕೆ ಗೊತ್ತಾಗುತ್ತೆ. ಕಾಗೆಗಳು ಗುಂಪುಗೂಡಿ ಕೂಗಿದರೆ ಆ ದಿನ ಬಾಗಿಲು ತೆಗೆಯಬೇಡಿ. ಕಾಜಾಣವಂತೂ ತನಗಿಂತ ದೊಡ್ಡ ಗಿಡುಗವನ್ನೇ ಅಟ್ಟಿಸಿಕೊಂಡು ಹೋಗುತ್ತೆ. ಕಡಲೆ, ತೊಗರಿ ಹೊಲದಲ್ಲಿ ಕಾಯಿಕೊರಕ ತಿನ್ನಲಿ ಅಂತ ಹಕ್ಕಿ ಕೂರೋಕೆ ಕೋಲು ನೆಡ್ತೀವಲ್ಲ, ಅಂಥದ್ದೇ ಒಂದೆರಡು ಕೋಲು ಗೂಡಿನ ಹತ್ತಿರವೂ ನೆಡಿ. ಕೂರೋಕೆ ಜಾಗ ಇದ್ದರೆ ಕಾಜಾಣ ಬರುತ್ತೆ.

ಹಳೇ ಸಿಡಿ, ಹೊಳೆಯುವ ರಿಬ್ಬನ್, ಪ್ಲಾಸ್ಟಿಕ್ ಗೂಬೆಗೆ ಜಾಸ್ತಿ ದುಡ್ಡು ಸುರೀಬೇಡಿ. ಕೆಲವು ದಿನ ಹೆದರುತ್ತವೆ, ಆಮೇಲೆ ಅದರ ಮೇಲೇ ಬಂದು ಕೂರುತ್ತವೆ. ಹಾಕಿದರೂ ವಾರಕ್ಕೊಮ್ಮೆ ಜಾಗ ಬದಲಿಸಿ. ಗೂಡಿಗೆ ತೀರಾ ತಾಗಿಕೊಂಡ ಕೊಂಬೆ ಸವರಿದರೆ ಸಾಕು, ಮರ ಕಡಿಯಬೇಡಿ.

ಇನ್ನೊಂದು ಮಾತು. ನಿಮ್ಮ ಕಣಕ್ಕೆ ಕಾಲಲ್ಲಿ ಉಂಗುರ ಇರುವ ಪರಿಚಯವಿಲ್ಲದ ಪಾರಿವಾಳ ಬಂದು ಕೂತರೆ ಸಾರಿಗೆ ಹಾಕಬೇಡಿ, ಮಾರಬೇಡಿ. ನೀರು, ಒಂದು ಹಿಡಿ ಕಾಳು ಕೊಟ್ಟು ಸುಧಾರಿಸಿದ ಮೇಲೆ ಬಿಡಿ, ಗುರುತಿನ ರೇಸ್‌ನವರಿಗೆ ಉಂಗುರದ ನಂಬರು ತಿಳಿಸಿ. ಯಾರೋ ಗಿಡುಗದ ಪಾಲಾಯ್ತು ಅಂತ ಬೈಯುತ್ತಿರುವ ಹಕ್ಕಿ ಅದೇ ಇರಬಹುದು.

ಇಷ್ಟು ಮಾಡಿದರೂ ಒಂದೂ ಹೋಗೋದಿಲ್ಲವಾ?

ಹೋಗಬಹುದು. ಬಯಲು ಆಕಾಶದಲ್ಲಿ ಬೈರಿ ಎರಗಿದರೆ ಕೆಳಗೆ ನಿಂತವನ ಕೈಲಿ ಏನೂ ಇಲ್ಲ. ಎಲ್ಲ ಹೇಳಿ ಇದನ್ನು ಮುಚ್ಚಿಟ್ಟರೆ ಮೋಸ. ಹೋಮರ್ ಸಾಕೋದು ಅಂದರೆ ಹಕ್ಕಿಯನ್ನು ಆಕಾಶಕ್ಕೆ ಬಿಡೋದು. ಆ ಆಕಾಶ ನಮ್ಮೊಬ್ಬರದ್ದಲ್ಲ. ನಷ್ಟ ಸ್ವಲ್ಪವೂ ಬೇಡ ಅನ್ನುವವರು ಹಾರಿಸದೆ ಜಾಲರಿಯೊಳಗೇ ಸಾಕುವ ಅಲಂಕಾರದ ತಳಿ ಇಟ್ಟುಕೊಳ್ಳೋದು ಲೇಸು. ಬೆಲೆಬಾಳುವ ತಳಿ ಜೋಡಿಯನ್ನು ಒಳಗೇ ಇಟ್ಟು, ಅದರ ಮರಿಗಳನ್ನು ಮಾತ್ರ ಹಾರಿಸಿದರೆ ನಷ್ಟವೂ ತಡೆದುಕೊಳ್ಳುವಷ್ಟಿರುತ್ತೆ.

ಮತ್ತೆ ನಾವು ಬರೀ ಪಾರಿವಾಳದವರಲ್ಲ, ರೈತರು. ಹೊಲದ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು ಇಲಿ ಹುಡುಕುವ ಹಕ್ಕಿಯೂ ಬೇಟೆ ಹಕ್ಕಿಯೇ. ಕವಣೆ ಕಲ್ಲಿಗೆ ಅದು ಯಾವುದು, ಇದು ಯಾವುದು ಅಂತ ಗೊತ್ತಾಗೋದಿಲ್ಲ. ಭತ್ತ, ಕಡಲೆಕಾಯಿ ಬೆಳೆಯುವವರಿಗೆ ಇಲಿಯ ಕಾಟ ಏನು ಅಂತ ನಾನು ಹೇಳಬೇಕಾ?

ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಜಾಲರಿಯಲ್ಲಿ ತೂತು ಎಲ್ಲಿದೆ, ಕೋಲು ಜಾಲರಿಗೆ ಎಷ್ಟು ಹತ್ತಿರ ಇದೆ, ರಾತ್ರಿ ಬಾಗಿಲು ಸರಿಯಾಗಿ ಕೂರುತ್ತಾ, ಈ ತಿಂಗಳು ಹೋದ ಹಕ್ಕಿಗಳು ಎಷ್ಟು, ಯಾವ ಹೊತ್ತಿಗೆ ಹೋದವು, ಇಷ್ಟು ನೋಡಿ ಬರೆದಿಡಿ. ಜಾಲರಿ ರಿಪೇರಿಗೆ ಆಗುವ ಖರ್ಚು ಒಂದು ಒಳ್ಳೆ ಹೋಮರ್ ಬೆಲೆಗಿಂತ ಕಡಿಮೆಯೇ ಇರುತ್ತೆ.