ಎಂ.ಸಿ.ಎ.: ಕಳೆದುಹೋದ ವರ್ಷದ ಹೊರೆ ಯಾರ ಹೆಗಲಿಗೆ?

ಹಾವೇರಿ ಜಿಲ್ಲೆ ಹಿರೇಕೆರೂರು ತಾಲ್ಲೂಕಿನ ಅಬಲೂರು ಸರ್ವಜ್ಞನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಊರು. ಗೋವಿನಜೋಳ, ಹತ್ತಿ ಬೆಳೆಯುವ ಈ ಸೀಮೆಯ ಹಳ್ಳಿಗಳಲ್ಲಿ ಬಿ.ಕಾಂ. ಅಥವಾ ಬಿ.ಎಸ್ಸಿ. ಮುಗಿಸಿದ ತರುಣ-ತರುಣಿಯರಿಗೆ ಸಾಫ್ಟ್‌ವೇರ್ ವೃತ್ತಿಯತ್ತ ತೆರೆದಿರುವ ಮುಖ್ಯ ಬಾಗಿಲು ಎಂ.ಸಿ.ಎ. ಎಂಜಿನಿಯರಿಂಗ್ ಸೀಟು ಸಿಗದವರಿಗೆ, ಸಿಕ್ಕರೂ ಶುಲ್ಕ ಭರಿಸಲಾಗದವರಿಗೆ ಇದು ಎರಡನೆಯ ಅವಕಾಶ. ಆ ಬಾಗಿಲು ಮುಚ್ಚಿಲ್ಲ. ಆದರೆ ಹೊಸ್ತಿಲು ಎತ್ತರವಾಗಿದೆ.

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2020-21ನೇ ಸಾಲಿನಿಂದ ಮೂರು ವರ್ಷಗಳ ಎಂ.ಸಿ.ಎ. ಕೋರ್ಸನ್ನು ಎರಡು ವರ್ಷಕ್ಕೆ ಇಳಿಸಿತು. ಆರು ಸೆಮಿಸ್ಟರ್ ಇದ್ದದ್ದು ನಾಲ್ಕಾಯಿತು. ಈ ನಿರ್ಧಾರಕ್ಕೆ ಕಾರಣಗಳಿಲ್ಲದೆ ಇರಲಿಲ್ಲ. ಎಂ.ಬಿ.ಎ., ಎಂ.ಎಸ್ಸಿ. ಎಲ್ಲವೂ ಎರಡೇ ವರ್ಷದವು. ಬಿ.ಸಿ.ಎ. ಓದಿ ಬಂದವರಿಗೆ ಮೂರು ವರ್ಷದ ಕೋರ್ಸಿನಲ್ಲೂ ನೇರವಾಗಿ ಎರಡನೆಯ ವರ್ಷಕ್ಕೆ ಸೇರುವ ಅವಕಾಶವಿತ್ತು. ಅಂಥವರಿಗೆ ಮೊದಲ ವರ್ಷ ಕಲಿತದ್ದನ್ನೇ ಮತ್ತೆ ಕಲಿಯುವ ಶಿಕ್ಷೆಯಾಗಿತ್ತು ಎಂಬುದನ್ನು ಒಪ್ಪಲೇಬೇಕು.

ಆದರೆ ಆ ಮೊದಲ ವರ್ಷ ಯಾರಿಗಾಗಿ ಇತ್ತು? ಕಂಪ್ಯೂಟರ್ ವಿಜ್ಞಾನವನ್ನು ಓದದೆ ಬಂದ ವಾಣಿಜ್ಯ, ವಿಜ್ಞಾನ ಪದವೀಧರರಿಗಾಗಿ. ಅವರಿಗೆ ಈಗ ಉಳಿದಿರುವುದು ಬ್ರಿಡ್ಜ್ ಕೋರ್ಸ್ ಮಾತ್ರ. ಅದನ್ನು ಹೇಗೆ ನಡೆಸಬೇಕೆಂಬುದು ಆಯಾ ವಿಶ್ವವಿದ್ಯಾಲಯಕ್ಕೆ ಬಿಟ್ಟ ವಿಷಯ. ಮೊದಲ ಸೆಮಿಸ್ಟರಿನ ಪಾಠಗಳ ನಡುವೆಯೇ ಅದನ್ನು ತುರುಕಿದರೆ ಆಗುವುದಿಷ್ಟು: ಬೆಳಿಗ್ಗೆ ಡೇಟಾ ಸ್ಟ್ರಕ್ಚರ್ ಪಾಠ, ಸಂಜೆ ಪ್ರೋಗ್ರಾಮಿಂಗಿನ ಓನಾಮ. ಗೋಡೆ ಏರಿದ ಮೇಲೆ ಅಡಿಪಾಯ ಹಾಕಿದಂತೆ.

ಇಲ್ಲಿ ಕೊರತೆ ಬುದ್ಧಿಶಕ್ತಿಯದಲ್ಲ, ಸಮಯದ್ದು. ಅದಕ್ಕಿಂತ ಮಿಗಿಲಾಗಿ ಬೋಧನೆಯ ಕ್ರಮದ್ದು. ಒಂದು ಸಣ್ಣ ಉದಾಹರಣೆ ನೋಡಬಹುದು. ಕೊಟ್ಟ ಪದವನ್ನು ತಿರುವುಮುರುವಾಗಿಸುವ ಪ್ರೋಗ್ರಾಂ ಪ್ರಯೋಗಾಲಯಗಳಲ್ಲಿ ಹಳೆಯ ಅಭ್ಯಾಸ. ಇಂಗ್ಲಿಷ್ ಪದ ಕೊಟ್ಟರೆ ಅದು ಸಲೀಸಾಗಿ ನಡೆಯುತ್ತದೆ. ವಿದ್ಯಾರ್ಥಿ ಅದನ್ನು ರೆಕಾರ್ಡ್ ಪುಸ್ತಕಕ್ಕೆ ನಕಲಿಸಿ ಮುಂದೆ ಸಾಗುತ್ತಾನೆ. ಅದರ ಬದಲು 'ಅಬಲೂರು' ಎಂಬ ಪದವನ್ನು ಕೊಟ್ಟು ನೋಡಿ. ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು ಆರು ಸಂಕೇತ, ಏಕೆಂದರೆ 'ಲೂ' ಮತ್ತು 'ರು'ಗಳ ಸ್ವರಚಿಹ್ನೆಗಳಿಗೆ ಪ್ರತ್ಯೇಕ ಸಂಕೇತಗಳಿವೆ. ಯುಟಿಎಫ್-8 ರೂಪದಲ್ಲಿ ಉಳಿಸಿದರೆ 18 ಬೈಟ್. ಸಂಕೇತಗಳನ್ನು ಹಾಗೆಯೇ ತಿರುಗಿಸಿದರೆ ವ್ಯಂಜನವಿಲ್ಲದ ಸ್ವರಚಿಹ್ನೆಯೊಂದು ಮೊದಲಲ್ಲಿ ಬಂದು ನಿಲ್ಲುತ್ತದೆ. ಹೀಗೇಕಾಯಿತು ಎಂದು ಕೇಳುವ ವಿದ್ಯಾರ್ಥಿ ಅಕ್ಷರ, ಸಂಕೇತ, ಬೈಟುಗಳ ನಡುವಣ ವ್ಯತ್ಯಾಸವನ್ನು ಒಂದೇ ತಾಸಿನಲ್ಲಿ ಗ್ರಹಿಸುತ್ತಾನೆ. ಕನ್ನಡ ಇಲ್ಲಿ ಅಡ್ಡಿಯಲ್ಲ, ಪಾಠದ ಸಾಧನ.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ನಂತರ ಈ ಪ್ರಶ್ನೆ ಇನ್ನಷ್ಟು ತೀವ್ರವಾಗಿದೆ. ಕೇಳಿದ ಪ್ರೋಗ್ರಾಮನ್ನು ಯಂತ್ರವೇ ಬರೆದುಕೊಡುತ್ತಿರುವಾಗ ಬರೆದದ್ದು ಸರಿಯೇ, ಎಲ್ಲಿ ಮುಗ್ಗರಿಸುತ್ತದೆ ಎಂದು ತೂಗಿ ನೋಡಬಲ್ಲವರಿಗೆ ಬೆಲೆ. ತೂಗುವ ಶಕ್ತಿ ಬರುವುದು ತಳಪಾಯದಿಂದ. ವಿಪರ್ಯಾಸವೆಂದರೆ, ತಳಪಾಯದ ಅಗತ್ಯ ಹೆಚ್ಚಿದ ಕಾಲಕ್ಕೇ ಅದಕ್ಕೆ ಮೀಸಲಾಗಿದ್ದ ವರ್ಷ ಕೈಬಿಟ್ಟುಹೋಗಿದೆ.

ಹಾಗೆಂದು ಮೂರನೆಯ ವರ್ಷವನ್ನು ಮರಳಿ ತರಬೇಕೆಂದು ಯಾರೂ ಕೇಳಬೇಕಿಲ್ಲ. ಇನ್ನೊಂದು ವರ್ಷದ ಶುಲ್ಕ, ಹಾಸ್ಟೆಲ್ ಖರ್ಚು ಬಡ ಕುಟುಂಬಕ್ಕೆ ಹೊರೆಯೇ. ಬೇಕಾಗಿರುವುದು ಮೂರು ಬದಲಾವಣೆಗಳು. ಮೊದಲನೆಯದಾಗಿ, ಪದವಿ ಪರೀಕ್ಷೆ ಮುಗಿದು ಪಿಜಿಸಿಇಟಿ ಮೂಲಕ ಸೀಟು ದೊರೆತು ತರಗತಿ ಆರಂಭವಾಗುವ ನಡುವಣ ಬಿಡುವಿನಲ್ಲಿ ಬ್ರಿಡ್ಜ್ ಕೋರ್ಸನ್ನು ಪೂರ್ಣಾವಧಿಯಾಗಿ ನಡೆಸಬೇಕು. ತಾಲ್ಲೂಕು ಕೇಂದ್ರಗಳ ಪ್ರಥಮ ದರ್ಜೆ ಕಾಲೇಜುಗಳ ಪ್ರಯೋಗಾಲಯಗಳನ್ನು ಇದಕ್ಕೆ ಬಳಸಿಕೊಂಡರೆ ಹಿರೇಕೆರೂರಿನ ವಿದ್ಯಾರ್ಥಿ ಹುಬ್ಬಳ್ಳಿ, ದಾವಣಗೆರೆಗಳಲ್ಲಿ ಕೊಠಡಿ ಹುಡುಕುವ ಮೊದಲೇ ಸಿದ್ಧನಾಗುತ್ತಾನೆ. ಎರಡನೆಯದಾಗಿ, ಪಾರಿಭಾಷಿಕ ಪದಗಳು ಇಂಗ್ಲಿಷಿನಲ್ಲೇ ಇರಲಿ, ವಿವರಣೆ ಕನ್ನಡದಲ್ಲಿ ನಡೆಯಲಿ. ಮೂರನೆಯದಾಗಿ, ರೆಕಾರ್ಡ್ ಪುಸ್ತಕದ ಅಂದಕ್ಕೆ ಅಂಕ ಕೊಡುವುದನ್ನು ಬಿಟ್ಟು, ವಿದ್ಯಾರ್ಥಿಯನ್ನು ಎದುರು ಕೂರಿಸಿಕೊಂಡು ಪ್ರೋಗ್ರಾಮಿನಲ್ಲಿ ಒಂದು ಬದಲಾವಣೆ ಮಾಡಿಸಿ ಪರೀಕ್ಷಿಸಬೇಕು.

ಇದಕ್ಕೆಲ್ಲ ಬೇಕಾದದ್ದು ಅಧ್ಯಾಪಕರು. ವರ್ಷವರ್ಷವೂ ಬದಲಾಗುವ ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡು ಇಂಥ ಬೋಧನೆ ಬೇರೂರಲಾರದು. 2023ರಲ್ಲಿ ಆರಂಭವಾದ ಹಾವೇರಿ ವಿಶ್ವವಿದ್ಯಾಲಯವೂ 2025ರಲ್ಲಿ ಮುಚ್ಚುವ ಪ್ರಸ್ತಾವದ ಪಟ್ಟಿಯಲ್ಲಿ ಸೇರಿತ್ತೆಂಬುದು ನಮ್ಮ ಆದ್ಯತೆಗಳೇನು ಎಂಬುದನ್ನು ತೋರಿಸುತ್ತದೆ.

ಪ್ರವೇಶ ಕೊಟ್ಟ ಮಾತ್ರಕ್ಕೆ ಅವಕಾಶ ಕೊಟ್ಟಂತಾಗುವುದಿಲ್ಲ. ಹಳ್ಳಿಯ ಪದವೀಧರನಿಂದ ಒಂದು ವರ್ಷವನ್ನು ಹಿಂತೆಗೆದುಕೊಂಡ ವ್ಯವಸ್ಥೆ, ಆ ವರ್ಷದಲ್ಲಿ ಕಲಿಯಬೇಕಾಗಿದ್ದುದನ್ನಾದರೂ ಅವನಿಗೆ ಹಿಂದಿರುಗಿಸಬೇಕು.